ಸಮಿತಿಯ ಎದುರು ಲಗಮವ್ವ

ಕುಲಗೋಡದ ಲಗಮವ್ವನಿಗೆ ಚಿಕ್ಕಂದಿನಲ್ಲೇ ಮುತ್ತು ಕಟ್ಟಿ ದೇವರಿಗೆ ಬಿಟ್ಟಿದ್ದರು. ಹಾಗೆ ಬಿಟ್ಟ ಹೆಣ್ಣಿಗೆ ಮದುವೆಯಿಲ್ಲ. ಇಪ್ಪತ್ತು ದಾಟಿದ ಮೇಲೆ ಊರಿನ ದೊಡ್ಡ ಜಮೀನುದಾರ ದುರ್ಗಪ್ಪ ಆಕೆಯನ್ನು ಇಟ್ಟುಕೊಂಡ. ಅರ್ಚನಾ ಹುಟ್ಟಿದಳು. ಮಗಳನ್ನು ಶಾಲೆಗೆ ಹಚ್ಚುವಾಗ ತಂದೆಯೆಂದು ಅವನ ಹೆಸರು ಬರೆಸಲೇ ಎಂದು ಕೇಳಲು ಲಗಮವ್ವ ದುರ್ಗಪ್ಪನ ಮನೆಗೆ ಹೋದಳು. ಕಟ್ಟೆಯ ಮೇಲೆ ಊರಿನ ಹಿರಿಯರು ಕುಳಿತಿದ್ದರು.

“ಓಣ್ಯಾಗ ಹುಟ್ಟಿದ್ದಕ್ಕೆಲ್ಲ ನನ್ನ ಹೆಸರ ಇಡ್ಲೇನು?” ಎಂದ ದುರ್ಗಪ್ಪ. ಹಿರಿಯರು ನಕ್ಕರು.

ಲಗಮವ್ವ ಅಳಲಿಲ್ಲ. ಆ ನಗೆಯನ್ನು ಮರೆಯಲೂ ಇಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ಮುತ್ತು ಬಿಡಿಸುವ ಚಳವಳಿ ಗೋಕಾಕ ಕಡೆ ಬಂದಾಗ ತನ್ನ ಕೊರಳ ಮುತ್ತನ್ನು ತಾನೇ ಹರಿದು ಒಗೆದಳು. ನಾಗನೂರ, ಮೂಡಲಗಿ, ಹುಕ್ಕೇರಿ ಸುತ್ತಿನ ಹಳ್ಳಿಗಳನ್ನೆಲ್ಲ ತಿರುಗಿದಳು. ಎಲ್ಲಿಯಾದರೂ ಹುಡುಗಿಗೆ ಮುತ್ತು ಕಟ್ಟುತ್ತಾರೆಂದು ತಿಳಿದರೆ ಪೊಲೀಸರನ್ನು ಕರೆದುಕೊಂಡೇ ಹೋಗುತ್ತಿದ್ದಳು. ಹೊಡೆತವನ್ನೂ ತಿಂದಳು.

ಕೆಲವು ವರ್ಷಗಳ ಮೇಲೆ, ಇಂಥ ಹೆಂಗಸರ ಪುನರ್ವಸತಿಗೆ ತಾಲೂಕಿನಲ್ಲಿ ಸರ್ಕಾರ ಒಂದು ಸಲಹಾ ಸಮಿತಿ ಮಾಡಿತು. ಲಗಮವ್ವ ಅದರಲ್ಲಿ ಇದ್ದೇ ಇರುತ್ತಾಳೆಂದು ಎಲ್ಲರೂ ನಂಬಿದ್ದರು. ಸದಸ್ಯರ ಹೆಸರುಗಳು ಹೊರಬಿದ್ದಾಗ ಅಲ್ಲಿದ್ದವನು ‘ಸಮಾಜ ಸೇವಕ’ ದುರ್ಗಪ್ಪ. ಚುನಾವಣೆಯಲ್ಲಿ ಆಳುವ ಪಕ್ಷಕ್ಕೆ ತನ್ನ ಜೀಪು, ಆಳುಗಳನ್ನು ಬಿಟ್ಟುಕೊಟ್ಟದ್ದೇ ಅವನು ಮಾಡಿದ ಸೇವೆ.

ನಾಗನೂರಿನ ಕಾಶೆವ್ವ, ಆಕೆಯೂ ಮುತ್ತು ಹರಿದವಳೇ, ಕುದಿಯುತ್ತ ಬಂದಳು. “ನಡಿಯಕ್ಕಾ, ಗೋಕಾಕಕ್ಕ ಹೋಗಿ ಕಚೇರಿ ಮುಂದ ಕುಂದ್ರೂಣು.”

“ಈಗ ಬ್ಯಾಡ. ಅಂವ ಒಮ್ಮಿ ಆ ಕುರ್ಚಿ ಮ್ಯಾಲ ಕುಂದ್ರಲಿ,” ಎಂದಳು ಲಗಮವ್ವ.

ಅಲ್ಲಿಯವರೆಗೆ ಸರ್ಕಾರದ್ದು ಏನೂ ಬೇಡವೆಂದಿದ್ದ ಆಕೆ ಮನೆಗಾಗಿ ಅರ್ಜಿ ಹಾಕಿದಳು. ಅರ್ಜಿ ಹಾಕಿದವರನ್ನು ಸಮಿತಿ ಎದುರಿಗೆ ಕರೆದು ವಿಚಾರಿಸುತ್ತಿತ್ತು. ಆಕೆಗೆ ಬೇಕಾಗಿದ್ದದ್ದು ಅಷ್ಟೇ.

ವಿಚಾರಣೆಯ ದಿನ ಗೋಕಾಕದ ಸಭಾಭವನದ ತುಂಬ ಹೆಂಗಸರು. ದುರ್ಗಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಧಿಕಾರಿಯ ಪಕ್ಕದಲ್ಲೇ ಕುಳಿತಿದ್ದ.

“ಮಕ್ಕಳಿದ್ದಾರಾ? ತಂದೆ ಯಾರು?” ಅಧಿಕಾರಿ ಕೇಳಿದರು.

“ಒಬ್ಬಾಕಿ ಮಗಳದಾಳ್ರಿ. ತಂದಿ ಹೆಸರ ನಿಮ್ಮ ಬಾಜೂ ಕುಂತವರಿಗೆ ಕೇಳ್ರಿ ಸಾಹೇಬ್ರ. ಅವರಿಗೆ ಚಲೋ ಗೊತ್ತೈತಿ.”

ದುರ್ಗಪ್ಪನ ಮುಖ ಕೆಂಪಾಯಿತು. “ಹುಚ್ಚಿ ಅದಿಯೇನು? ನಿನ್ನ ನಾ ಎಂದ ನೋಡೇನಿ?”

ಅವನ ಬಾಯಿಂದ ಈ ಸುಳ್ಳು ಬರಲೆಂದೇ ಲಗಮವ್ವ ಕಾದಿದ್ದಳು. ಹಿಂದಕ್ಕೆ ತಿರುಗಿ, “ಕೇಳಿದ್ರಿಲ್ಲೋ? ಇಂವ ನನ್ನ ಮನಿಗೆ ಬರೂದು ನೋಡಿದವರು ಎದ್ದು ನಿಂದರ್ರಿ,” ಎಂದಳು.

ನೆರೆಮನೆಯ ಮುದುಕಿ ಅಲ್ಲವ್ವ ಮೊದಲು ಎದ್ದಳು. “ಅರ್ಚನಾ ಹುಟ್ಟಿದಾಗ ಬಾಣಂತಿಗೆ ತುಪ್ಪ ಇವನ ಮನೀಂದ ಬಂದಿತ್ತರಿ. ನಾನ ಇಸ್ಕೊಂಡೇನಿ.”

ಆಮೇಲೆ ಕುಲಗೋಡದ ಹೆಂಗಸರೆಲ್ಲ ಎದ್ದರು. ದುರ್ಗಪ್ಪ ಹೊರಗೆ ಹೋಗಲು ನೋಡಿದ. ಬಾಗಿಲಲ್ಲಿದ್ದವರು ಸರಿಯಲಿಲ್ಲ. ದಾರಿ ಬಿಡಿರೆಂದು ಅಧಿಕಾರಿ ಕೈಮುಗಿದು ಕೇಳಿಕೊಳ್ಳುವವರೆಗೆ ಅವನು ಅಲ್ಲೇ, ಅವರ ನಡುವೆ, ತಲೆ ಬಗ್ಗಿಸಿ ನಿಂತಿದ್ದ. ಲಗಮವ್ವ ಕಣ್ತುಂಬ ನೋಡಿದಳು.

ಪಕ್ಷದವರು ಹೆದರಿ ಅವನನ್ನು ಸಮಿತಿಯಿಂದ ತೆಗೆದರು; ಆ ಜಾಗಕ್ಕೆ ತಮ್ಮವನೇ ಇನ್ನೊಬ್ಬನನ್ನು ತಂದರು. ಲಗಮವ್ವನಿಗೆ ಅಷ್ಟು ಸಾಲಲಿಲ್ಲ. ಮೂಡಲಗಿಯಲ್ಲಾಗಲಿ ಹುಕ್ಕೇರಿಯಲ್ಲಾಗಲಿ ಸಭೆಯಲ್ಲಿ ದುರ್ಗಪ್ಪನಿಗೆ ಹಾರ ಬೀಳುತ್ತದೆಂದರೆ, ಹೆಂಗಸರನ್ನು ಕಟ್ಟಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಮಾತಿಲ್ಲ, ಗದ್ದಲವಿಲ್ಲ. ಸುಮ್ಮನೆ ನೋಡುವುದು. ಬರಬರುತ್ತ ಅವನನ್ನು ಕರೆಯುವವರೇ ಇಲ್ಲವಾದರು.

ಹುಕ್ಕೇರಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಅರ್ಚನಾಗೂ ಸುದ್ದಿ ಮುಟ್ಟಿತು. ಊರಿಗೆ ಬಂದವಳೇ ಚೀಲ ಕೆಳಗಿಡದೆ ಕೇಳಿದಳು: “ನನ್ನ ಒಂದ್ ಮಾತ ಕೇಳಿದ್ಯೇನು? ನನಗ ಆ ಹೆಸರು ಬೇಕಾಗಿದ್ದಿಲ್ಲ.”

“ನಿನಗಂತ ಅಲ್ಲ. ನನಗ ಬೇಕಾಗಿತ್ತು, ಅವನ್ನ ಕೆಡವಾಕ.”

ಅರ್ಚನಾ ಬಹಳ ದಿನ ತಾಯಿಯನ್ನು ಮಾತಾಡಿಸಲಿಲ್ಲ. ಅದು ಲಗಮವ್ವನನ್ನು ಸುಟ್ಟಿತು. ಆದರೂ ಮಾಡಿದ್ದು ತಪ್ಪೆಂದು ಆಕೆಯ ಬಾಯಿಂದ ಬರಲಿಲ್ಲ.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಸರ್ಕಾರ ಬದಲಾಗಿತ್ತು. ಹೊಸ ಅಧಿಕಾರಿ ಕುಲಗೋಡಕ್ಕೇ ಬಂದು, ಸಮಿತಿಗೆ ನೀವೇ ಬರಬೇಕು ಎಂದರು. ಲಗಮವ್ವ ಒಪ್ಪಲಿಲ್ಲ.

“ನನ್ನ ಸಿಟ್ಟು ಇನ್ನೂ ಇಳದಿಲ್ಲರಿ ಸಾಹೇಬ್ರ. ಅಲ್ಲಿ ಕುಂತರ ಎದುರಿಗೆ ಬಂದವರ ಮುಖದಾಗೆಲ್ಲ ಅವನ ಕಾಣ್ತಾನ. ಕಾಶೆವ್ವನ ಮಾಡ್ರಿ. ಆಕಿಗೆ ಮಂದೀ ಮಾತು ಕೇಳೂ ತಾಳ್ಮಿ ಐತಿ.”

ಕಾಶೆವ್ವ ಸದಸ್ಯೆಯಾದಳು.