ಸಿಪ್ಪೆ ಇರುವ ಹಣ್ಣು

ಪಕ್ಕದ ಮನೆಯ ಅಜ್ಜಿಯನ್ನು ಹಣ್ಣಿನ ಅಂಗಡಿಗೆ ಕರೆದುಕೊಂಡು ಹೋದೆನೆಂದರೆ ನನ್ನ ಅರ್ಧ ರಜೆ ಮುಗಿಯಿತೆಂದೇ ಲೆಕ್ಕ. ಅಮೆರಿಕದ ಲಾಂಗ್ ಐಲೆಂಡಿನಲ್ಲಿರುವ ಜೆರಿಕೋ ಎಂಬ ಊರಿನ ನಮ್ಮ ಬೀದಿಯಲ್ಲಿ ಅವರು ನಮಗಿಂತ ಎಷ್ಟೋ ಹಳಬರು. ಇರಾನಿನ ಯಹೂದಿ ಮನೆತನ. ಅಲ್ಲಿ ಕ್ರಾಂತಿಯಾದಾಗ ಗಂಡ, ಮಕ್ಕಳ ಜೊತೆ ಇಲ್ಲಿಗೆ ಬಂದು, ಹಲ್ಲಿನ ವೈದ್ಯೆಯಾಗಿ ದುಡಿದು, ಈಗ ಒಬ್ಬರೇ ಇದ್ದಾರೆ. ಕಣ್ಣು ಮಂದವಾದ ಮೇಲೆ ಡ್ರೈವ್ ಮಾಡುವುದನ್ನು ಬಿಟ್ಟರು. ಅಂದಿನಿಂದ ನಾನೇ ಸಾರಥಿ.

ಒಂದು ಕರಬೂಜ ಕೊಳ್ಳಬೇಕಾದರೆ ಅವರು ರಾಶಿಯಲ್ಲಿರುವ ಪ್ರತಿಯೊಂದನ್ನೂ ಎತ್ತುತ್ತಾರೆ. ತಟ್ಟುತ್ತಾರೆ, ತೊಟ್ಟಿನ ಬಳಿ ಮೂಗಿಟ್ಟು ಮೂಸುತ್ತಾರೆ, ಹೆಬ್ಬೆರಳಿನಿಂದ ಒತ್ತಿ ನೋಡಿ ಹಾಗೆಯೇ ವಾಪಸ್ ಇಡುತ್ತಾರೆ. ದಾಳಿಂಬೆ, ಪೀಚ್, ದ್ರಾಕ್ಷಿ, ಎಲ್ಲದಕ್ಕೂ ಇದೇ ಮರ್ಯಾದೆ. ನಾನು ಗಾಡಿ ಹಿಡಿದು ಹಲ್ಲು ಕಚ್ಚಿಕೊಂಡು ನಿಂತಿರುತ್ತೇನೆ. ಆಪರೇಷನ್‌ಗೆ ಮೊದಲು ಜನರಿಗೆ ಅರಿವಳಿಕೆ ಕೊಟ್ಟು ಕ್ಷಣದಲ್ಲಿ ನಿದ್ದೆ ಬರಿಸುವುದು ನನ್ನ ವೃತ್ತಿ. ಕಾಯುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಒಮ್ಮೆ ಸಿಡುಕಿನಿಂದಲೇ, ಹಣ್ಣು ಕೊಳ್ಳುತ್ತೀರೋ ಅದಕ್ಕೆ ಜಾತಕ ನೋಡುತ್ತೀರೋ ಎಂದು ಕೇಳಿದ್ದೆ. ಅವರು ನಕ್ಕು ಇನ್ನೊಂದು ಕರಬೂಜ ಎತ್ತಿಕೊಂಡರು.

ನಾನು ಮೈಸೂರಿನ ಮುಸ್ಲಿಂ ಮನೆಯವಳು. ಮನೆಯಲ್ಲಿ ಉರ್ದು, ಆಸ್ಪತ್ರೆಯಲ್ಲಿ ಇಂಗ್ಲಿಷ್. ಮಕ್ಕಳಂತೂ ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವರು. ಆದರೆ ನಾನು ಶಾಲೆ ಕಲಿತದ್ದು, ಗೆಳತಿಯರೊಂದಿಗೆ ಜಗಳವಾಡಿದ್ದು, ಬಸ್ಸಿನಲ್ಲಿ ಚಿಲ್ಲರೆಗಾಗಿ ಕೂಗಾಡಿದ್ದು ಎಲ್ಲವೂ ಕನ್ನಡದಲ್ಲಿ. ಆ ಭಾಷೆ ಬಾಯಲ್ಲಿ ಆಡಲು ಇಲ್ಲಿ ನನಗಿರುವುದು ತಿಂಗಳಿಗೊಂದು ಶನಿವಾರದ ಕೂಟ ಮಾತ್ರ. ಹತ್ತಾರು ಕನ್ನಡದ ಮನೆಗಳವರು ಸರದಿಯ ಮೇಲೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಒಬ್ಬರು ಒಂದು ವಿಷಯದ ಮೇಲೆ ಮಾತಾಡುತ್ತಾರೆ, ಆಮೇಲೆ ಊಟ. ಊಟಕ್ಕೆ ಪ್ರತಿಯೊಬ್ಬರೂ ಒಂದೊಂದು ಅಡುಗೆ ತರಬೇಕು. ಅಲ್ಲಿರುವ ಮುಸ್ಲಿಂ ನಾನೊಬ್ಬಳೇ. ನಮ್ಮ ಮನೆಯವರು ಬೆಂಗಳೂರಿನವರಾದರೂ ಅವರಿಗೆ ಈ ಕೂಟವೆಂದರೆ ಅಷ್ಟಕ್ಕಷ್ಟೆ.

ಮೊದಲ ಸಲ ಹೋದಾಗ ವಾಂಗೀಬಾತ್ ಮಾಡಿಕೊಂಡು ಹೋಗಿದ್ದೆ. ಹೊಸ ಪಾತ್ರೆ, ಹೊಸ ಸೌಟು. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಇವತ್ತು ಏಕಾದಶಿ ಎಂದರು, ಒಬ್ಬರಿಗೆ ಬದನೆಕಾಯಿ ನಂಜು, ಇನ್ನೊಬ್ಬರ ಹೊಟ್ಟೆ ಆಗಲೇ ತುಂಬಿತ್ತು. ನಿಜವಾಗಿಯೂ ಏಕಾದಶಿ ಇತ್ತೋ ಏನೋ, ನಾನು ಪಂಚಾಂಗ ನೋಡಲು ಹೋಗಲಿಲ್ಲ. ಬಾತು ಹೋದ ಹಾಗೆಯೇ ಮನೆಗೆ ಬಂತು. ಮುಂದಿನ ತಿಂಗಳಿನಿಂದ ಕಿತ್ತಳೆ ಹಣ್ಣು ಒಯ್ಯತೊಡಗಿದೆ. ಸಿಪ್ಪೆ ಇರುವ ಹಣ್ಣಿಗೆ ಮೈಲಿಗೆ ಇಲ್ಲವೆಂಬುದು ನನಗೆ ಯಾರೂ ಕಲಿಸಬೇಕಾದ ಪಾಠವಾಗಿರಲಿಲ್ಲ. ರಂಜಾನಿಗೆ ಬೀದಿಯ ಎಲ್ಲ ಮನೆಗಳಿಗೂ ಸೇವಿಗೆ ಪಾಯಸ ಕಳಿಸುತ್ತಿದ್ದ ನಮ್ಮ ಅಮ್ಮಿ, ಎದುರು ಮನೆಯ ಗೆಳತಿಗೆ ಮಾತ್ರ ಬಾಳೆಹಣ್ಣಿನ ಚಿಪ್ಪು ಕಳಿಸುತ್ತಿದ್ದರು. ಕಿತ್ತಳೆ ಬುಟ್ಟಿ ಪ್ರತಿ ತಿಂಗಳೂ ಖಾಲಿಯಾಗುತ್ತಿತ್ತು. ಹೀಗೆ ಹತ್ತು ವರ್ಷದ ಮೇಲಾಯಿತು.

ಕಳೆದ ಚಳಿಗಾಲದ ಒಂದು ಶನಿವಾರ, ಮುಂದಿನ ತಿಂಗಳು ಯಾರು ಮಾತಾಡುವುದು ಎಂಬ ಪ್ರಶ್ನೆ ಬಂತು. ಧಾರವಾಡದ ಕಡೆಯ ಒಬ್ಬ ನಿವೃತ್ತ ಎಂಜಿನಿಯರ್, ನಮ್ಮ ಕೂಟದ ಹಿರಿಯರು, ನನ್ನ ಕಡೆ ತಿರುಗಿದರು.

"ಡಾಕ್ಟರ್ರ, ಈ ಸಲ ನೀವ ಮಾತಾಡ್ರಿ. ಮುಸಲ್ಮಾನ ರಾಜರ ಆಳ್ವಿಕಿಯೊಳಗ ಬ್ಯಾರೆ ಧರ್ಮದವ್ರು ಹೆಂಗಿದ್ರು ಅನ್ನೂದು. ವಾಟ್ಸಾಪಿನ್ಯಾಗ ಒಬ್ಬೊಬ್ರು ಒಂದೊಂದ ಹೇಳ್ತಾರ. ನಿಮಗ ಖರೆ ಗೊತ್ತಿರ್ತದ."

"ನಂಗೇನು ಗೊತ್ತು ಅಂಕಲ್? ನಾನು ಓದಿದ್ದು ಮೆಡಿಸಿನ್."

"ಏನಾತ್ರಿ ಅದಕ್ಕ? ನೀವ ಹೇಳಿದ್ರ ಒಂದ ತೂಕ ಇರ್ತದ."

ಎಲ್ಲರೂ ತಲೆಯಾಡಿಸಿದರು. ಅವರು ಕೆಟ್ಟವರಲ್ಲ. ನನ್ನ ತಂದೆ ತೀರಿಕೊಂಡಾಗ ಹಿಮದಲ್ಲಿ ಏರ್‌ಪೋರ್ಟಿನವರೆಗೆ ಡ್ರೈವ್ ಮಾಡಿದವರು ಇದೇ ಅಂಕಲ್. ಆದರೂ ಅಂದು ನನಗೆ ಮೈಯೆಲ್ಲ ಸುಸ್ತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಾವಿರ ವರ್ಷದ ಹಿಂದೆ ಯಾವುದೋ ಮರಳುಗಾಡಿನ ದೊರೆ ಯಾರಿಗೋ ತೆರಿಗೆ ಹಾಕಿದರೆ, ಲಾಂಗ್ ಐಲೆಂಡಿನಲ್ಲಿ ಜವಾಬು ಕೊಡಬೇಕಾದವಳು ನಾನು. ಆಗುವುದಿಲ್ಲ ಎಂದರೆ ಮುಚ್ಚಿಡುತ್ತಿದ್ದಾಳೆ ಅನ್ನಿಸಬಹುದು, ಕೋಪ ಮಾಡಿಕೊಂಡರೆ ಆ ಒಂದು ಶನಿವಾರವೂ ಕೈಬಿಟ್ಟು ಹೋಗಬಹುದು. ಆಯ್ತು ಎಂದೆ.

ಮನೆಗೆ ಬಂದು ಹೇಳಿದರೆ ನಮ್ಮವರು ಟಿವಿಯಿಂದ ಕಣ್ಣು ತೆಗೆಯದೆ ಒಂದು ಭಾಷಣ ಬಿಗಿದರು. ಯಹೂದಿಗಳನ್ನು ಯುರೋಪು ಓಡಿಸಿದಾಗ ಜಾಗ ಕೊಟ್ಟವರು ಯಾರು ಕೇಳು, ಖಲೀಫರ ಆಸ್ಥಾನದಲ್ಲಿ ಕ್ರೈಸ್ತ ವೈದ್ಯರಿರಲಿಲ್ಲವೇ ಕೇಳು, ಜೆಜಿಯಾ ಎಂದರೆ ಒಂದು ಟ್ಯಾಕ್ಸ್, ನಾವೇನು ಇಲ್ಲಿ ಕಟ್ಟುತ್ತಿಲ್ಲವೇ ಕೇಳು. ಅದನ್ನೆಲ್ಲ ನೀವೇ ಬಂದು ಹೇಳಿ ಎಂದೆ. ಬರುವುದಿಲ್ಲ ಎಂದರು.

ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ನಮ್ಮವರು ಹೇಳಿದ್ದೂ ನಿಜವಿತ್ತು, ವಾಟ್ಸಾಪಿನವರು ಹೇಳಿದ್ದೂ ಪೂರ್ತಿ ಸುಳ್ಳಾಗಿರಲಿಲ್ಲ. ಆ ರಾಜ್ಯಗಳ ಬೇರೆ ಧರ್ಮದವರನ್ನು ಧಿಮ್ಮಿಗಳು ಎನ್ನುತ್ತಿದ್ದರು, ಅಂದರೆ ರಕ್ಷಣೆಯ ಕರಾರಿಗೆ ಒಳಪಟ್ಟವರು. ತಲೆಗಂದಾಯ ಕೊಟ್ಟರೆ ಪ್ರಾಣ, ಆಸ್ತಿ, ಪೂಜೆ ಉಳಿಯುತ್ತಿತ್ತು. ಹಳೆಯ ಗುಡಿ, ಚರ್ಚು ಇರಬಹುದು, ಹೊಸದನ್ನು ಕಟ್ಟುವಂತಿಲ್ಲ. ಕೆಲವು ಕಡೆ ಕುದುರೆ ಏರುವಂತಿಲ್ಲ, ಉಡುಪಿನ ಬಣ್ಣವೇ ಬೇರೆ ಇರಬೇಕು, ನ್ಯಾಯಾಲಯದಲ್ಲಿ ಅವರ ಸಾಕ್ಷಿಗೆ ಕಡಿಮೆ ಬೆಲೆ. ಇನ್ನು ಕೆಲವು ಕಡೆ ಅವರೇ ಮಂತ್ರಿಗಳು, ವೈದ್ಯರು, ಖಜಾನೆಯ ಅಧಿಕಾರಿಗಳು. ಒಬ್ಬ ದೊರೆ ಕಟ್ಟಳೆಗಳನ್ನು ಮರೆತು ಸುಮ್ಮನಿರುತ್ತಿದ್ದ, ಅವನ ಮಗ ಬಂದು ಎಲ್ಲವನ್ನೂ ಮತ್ತೆ ಹೊರಗೆ ತೆಗೆಯುತ್ತಿದ್ದ. ಓದುತ್ತ ಓದುತ್ತ ನನಗೆ ಮಂತ್ರಿಗಳ ಬಗ್ಗೆಯೂ ಕುತೂಹಲ ಹೋಯಿತು, ತೆರಿಗೆಯ ಬಗ್ಗೆಯೂ ಹೋಯಿತು. ಹಾಗೆ ಬದುಕಿದ ಒಬ್ಬ ಹೆಂಗಸು ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಳು ಎಂಬುದು ಮಾತ್ರ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಭಾನುವಾರ ಅಜ್ಜಿಯ ಮನೆಯಲ್ಲಿ ಚಹಾ ಕುಡಿಯುವಾಗ ಕೇಳಿದೆ. ಕೇಳಲು ಸಂಕೋಚವಾಗಿತ್ತು. ಇಷ್ಟು ವರ್ಷ ನಾವು ಮೊಣಕಾಲು ನೋವು, ಮಕ್ಕಳು, ಹಿಮ ಎತ್ತುವವನ ಸೋಮಾರಿತನ ಇಷ್ಟನ್ನೇ ಮಾತಾಡಿಕೊಂಡಿದ್ದವರು. ಅವರು ಬಾಯಲ್ಲಿದ್ದ ಸಕ್ಕರೆ ಹರಳನ್ನು ಕರಗಿಸಿ ನುಂಗಿದರು.

"ನಾನು ಹುಟ್ಟುವ ಹೊತ್ತಿಗೆ ಬಹಳಷ್ಟು ಹೋಗಿತ್ತು. ಇದು ನನ್ನ ಅಜ್ಜಿಯ ಕಾಲದ್ದು," ಎಂದು ತಮ್ಮ ಇಂಗ್ಲಿಷಿನಲ್ಲಿ ಶುರುಮಾಡಿದರು. "ಮಳೆ ಬಂದರೆ ನಮ್ಮವರು ಬೀದಿಗೆ ಇಳಿಯುತ್ತಿರಲಿಲ್ಲ. ನಮ್ಮ ಮೈಮೇಲಿನ ನೀರು ಹರಿದು ಬೇರೆಯವರಿಗೆ ತಾಗಿದರೆ ಅವರು ಅಶುದ್ಧರಾಗುತ್ತಾರೆ ಎಂದು. ಒಣಗಿದ್ದಕ್ಕೆ ದೋಷವಿಲ್ಲ, ಒದ್ದೆಯಾದರೆ ದೋಷ. ನಿನಗೆ ಇದು ವಿಚಿತ್ರ ಅನ್ನಿಸಬಹುದು."

ನನಗೆ ಯಾವ ವಿಚಿತ್ರವೂ ಅನ್ನಿಸಲಿಲ್ಲ. ನಾನು ಮೈಸೂರಿನವಳು.

"ಪೇಟೆಯಲ್ಲಿ ಹಣ್ಣನ್ನು ಮುಟ್ಟುವಂತಿರಲಿಲ್ಲ. ಅಜ್ಜಿ ದೂರ ನಿಂತು ಬೆರಳು ತೋರಿಸಬೇಕು, ಅಂಗಡಿಯವನು ತೆಗೆದು ಚೀಲಕ್ಕೆ ಹಾಕಬೇಕು. ಅವನು ಕೊಟ್ಟದ್ದೇ ಹಣ್ಣು. ಒಳ್ಳೆಯ ಮನುಷ್ಯನಂತೆ, ಮಕ್ಕಳು ಹೇಗಿದ್ದಾರೆ ಎಂದು ಕೇಳಿ ಒಂದು ದಾಳಿಂಬೆ ಹೆಚ್ಚಿಗೆ ಹಾಕುತ್ತಿದ್ದನಂತೆ. ಅವನು ಒಂದು ದಿನವೂ ಮುಟ್ಟಬೇಡ ಎಂದು ಹೇಳಿದವನಲ್ಲ. ಹೇಳುವ ಪ್ರಸಂಗವನ್ನೇ ಅಜ್ಜಿ ತಂದುಕೊಳ್ಳಲಿಲ್ಲ."

ಅವರ ಕೈಗಳು ಮೇಜಿನ ಮೇಲಿದ್ದವು. ಕರಬೂಜ ಎತ್ತಿ, ತಟ್ಟಿ, ಒತ್ತಿ ನೋಡುವ ಕೈಗಳು. ನಾನು ಗಾಡಿ ಹಿಡಿದು ಹಲ್ಲು ಕಡಿದದ್ದೆಲ್ಲ ನೆನಪಿಗೆ ಬಂತು. ಆದರೆ ಅದಕ್ಕಿಂತ ಹೆಚ್ಚಾಗಿ ನೆನಪಿಗೆ ಬಂದದ್ದು ನನ್ನ ಕಿತ್ತಳೆ ಬುಟ್ಟಿ. ಚಹಾ ಅರ್ಧಕ್ಕೇ ಇಟ್ಟೆ.

ಮುಂದಿನ ಶನಿವಾರ ಕೂಟ ಬೆಂಗಳೂರಿನ ದಂಪತಿಯೊಬ್ಬರ ಮನೆಯಲ್ಲಿತ್ತು. ನಾನು ಎಲ್ಲವನ್ನೂ ಹೇಳಿದೆ. ಖಲೀಫರ ವೈದ್ಯರನ್ನೂ ಹೇಳಿದೆ, ತಲೆಗಂದಾಯವನ್ನೂ ಹೇಳಿದೆ, ಮಳೆ ಮತ್ತು ಹಣ್ಣಿನ ಅಂಗಡಿಯನ್ನೂ ಹೇಳಿದೆ. ಯಾರನ್ನೂ ವಹಿಸಿಕೊಳ್ಳಲಿಲ್ಲ. ಕನ್ನಡದಲ್ಲಿ ಅಷ್ಟು ಹೊತ್ತು ಒಂದೇ ಸಮ ಮಾತಾಡಿ ಎಷ್ಟೋ ವರ್ಷವಾಗಿತ್ತು, ನಡುನಡುವೆ ಅದರ ಖುಷಿಯೂ ಆಯಿತು. ಆದರೆ ಮಾತು ಮುಗಿಸಿ ಕುಳಿತಾಗ ನಾನು ಮಾತಾಡಿ ಬಂದಂತೆ ಇರಲಿಲ್ಲ, ಹೇಳಿಕೆ ಕೊಟ್ಟು ಬಂದಂತೆ ಇತ್ತು.

"ಭಾಳ ಛಲೋ ಹೇಳಿದ್ರಿ," ಎಂದರು ಅಂಕಲ್. "ಏನೂ ಮುಚ್ಚಿಡಲಿಲ್ಲ ನೋಡ್ರಿ. ಹಿಂಗ ಒಪ್ಪಿಕೊಳ್ಳೂದು ದೊಡ್ಡ ಮನಸು."

ನಾನು ಏನನ್ನು ಒಪ್ಪಿಕೊಂಡೆನೋ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಎಲ್ಲರೂ ಊಟದ ಮೇಜಿಗೆ ಹೋದರು. ಆ ಮನೆಯ ಹೆಂಗಸು ನನ್ನ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದು ಸುಲಿಯುತ್ತಾ ನನ್ನ ಪಕ್ಕ ಬಂದು ನಿಂತರು. ಕೂಟಕ್ಕೆ ಸೇರಿ ಎರಡು ಮೂರು ವರ್ಷವಾಗಿರಬೇಕು, ನನಗಿಂತ ಚಿಕ್ಕವರು.

"ಹಣ್ಣು ಮುಟ್ಟೋಕೂ ಬಿಡ್ತಿರ್ಲಿಲ್ಲ ಅಂದ್ರೆ... ಛೆ, ಎಂಥಾ ಜನ ಅಲ್ವಾ ಆಂಟಿ?" ಎಂದರು. ಒಂದು ತೊಳೆ ಬಾಯಿಗೆ ಹಾಕಿಕೊಂಡರು. "ಅಂದ ಹಾಗೆ ನೀವು ಯಾವಾಗ್ಲೂ ಆರೆಂಜೇ ತರ್ತೀರಲ್ಲ, ಮನೇಲಿ ಕುಕ್ ಮಾಡಲ್ವಾ? ಹಾಸ್ಪಿಟಲ್ ಡ್ಯೂಟಿ ಜಾಸ್ತಿ ಅಂತ ನಾವೆಲ್ಲಾ ಮಾತಾಡ್ಕೊಳ್ತಿದ್ವಿ."

ಅವರ ಮುಖ ನೋಡಿದೆ. ಕೊಂಕಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ತಪ್ಪದೆ ಪಾಲಿಸಿದ ಕಟ್ಟಳೆ ಆ ಕೋಣೆಯಲ್ಲಿ ಬೇರೆ ಯಾರಿಗೂ ನೆನಪಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಮಾಡಿಕೊಳ್ಳಬೇಕೋ ಅವರು ಕಾಣಿಸಲಿಲ್ಲ.

"ಮಾಡ್ತೀನಿ," ಎಂದೆ. "ಮುಂದಿನ ತಿಂಗಳು ಬಿಸಿಬೇಳೆಬಾತ್ ತರ್ತೀನಿ."

"ವಾವ್, ತನ್ನಿ ಆಂಟಿ!"

ಹೇಳಿದಂತೆ ಒಯ್ದೆ. ಮುಂದಿನ ಕೂಟ ನದಿಯಾಚೆಯ ಫೋರ್ಟ್ ಲೀ ಎಂಬ ಊರಿನಲ್ಲಿ, ನದಿಯ ಸೇತುವೆಗೆ ಎದುರಾಗಿರುವ ಒಂದು ಎತ್ತರದ ಕಟ್ಟಡದಲ್ಲಿ. ಬೆಳಿಗ್ಗೆ ಎದ್ದು ಮಸಾಲೆ ಹುರಿದು ಪುಡಿ ಮಾಡಿದೆ, ಹುಣಸೆ ಹಿಂಡಿದೆ, ಮೇಲೆ ತುಪ್ಪ ಬಿಟ್ಟೆ. ನಮ್ಮವರು ವಾಸನೆ ಹಿಡಿದು ಅಡುಗೆಮನೆಗೆ ಬಂದು, ಮನೆಗೂ ಸ್ವಲ್ಪ ಉಳಿಯುತ್ತದೆಯೇ ಎಂದು ಕೇಳಿದರು. ಉಳಿದರೂ ಉಳಿಯಬಹುದು ಎಂದೆ.

ಬೆಂಗಳೂರಿನ ಆ ಹೆಂಗಸು ಮೊದಲು ಬಡಿಸಿಕೊಂಡು, ಚೆನ್ನಾಗಿದೆ ಎಂದು ಮತ್ತೊಮ್ಮೆ ಬಡಿಸಿಕೊಂಡರು. ಅವರ ಗಂಡನೂ ತಿಂದರು. ಇನ್ನೊಬ್ಬರು ಒಂದು ಚಮಚ ಹಾಕಿಕೊಂಡು ತಟ್ಟೆಯ ಅಂಚಿಗೆ ಸರಿಸಿಟ್ಟರು. ಉಳಿದವರು ಪಾತ್ರೆಯ ಪಕ್ಕದಲ್ಲಿದ್ದ ಪುಳಿಯೋಗರೆಗೆ ಕೈಚಾಚಿದರು. ಯಾರೂ ಏಕಾದಶಿ ಎನ್ನಲಿಲ್ಲ, ನನ್ನನ್ನು ಬಿಟ್ಟು ಯಾರೂ ಅದನ್ನು ಗಮನಿಸಲೂ ಇಲ್ಲ. ನಾನು ಕಿಟಕಿಯ ಬಳಿ ತಟ್ಟೆ ಹಿಡಿದು ನಿಂತು, ನೋಡಬಾರದು ಎಂದುಕೊಂಡೇ ಎಲ್ಲರ ಸೌಟುಗಳನ್ನು ನೋಡುತ್ತಿದ್ದೆ. ಈ ನೋಡುವ ಕೆಲಸವೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಣಿಸುತ್ತದೆ.

ಅಂಕಲ್ ಮೇಜಿನ ಸುತ್ತ ಒಂದು ಸುತ್ತು ಬಂದರು. ಪಾತ್ರೆಗಳನ್ನು ನೋಡಿದರು, ಬುಟ್ಟಿ ಇರುತ್ತಿದ್ದ ಮೂಲೆಯನ್ನು ನೋಡಿದರು, ಆಮೇಲೆ ನನ್ನ ಬಳಿ ಬಂದು ತುಂಬ ಅಕ್ಕರೆಯಿಂದ ಕೇಳಿದರು.

"ಡಾಕ್ಟರ್ರ, ಈ ಸಲ ಕಿತ್ತಳಿ ತಂದಿಲ್ಲೇನ್ರಿ?"

"ತಂದಿದೀನಿ ಅಂಕಲ್," ಎಂದೆ. "ಕಾರಲ್ಲಿದೆ."

ತಟ್ಟೆ ಕೆಳಗಿಟ್ಟು ಕೋಟು ಹಾಕಿಕೊಂಡು ಲಿಫ್ಟಿನಲ್ಲಿ ಇಳಿದು ಹೋದೆ. ಬುಟ್ಟಿ ಡಿಕ್ಕಿಯಲ್ಲಿತ್ತು. ಬೆಳಿಗ್ಗೆ ಬಾತಿಗೆ ತುಪ್ಪ ಬಿಡುವ ಮೊದಲೇ ಅದನ್ನು ಅಲ್ಲಿ ಇಟ್ಟು ಬಂದಿದ್ದೆ.