ಕುದುರೆ ಮನೆಗೆ ಹೋದ ಕಾಲಾಳು

ನಮ್ಮ ಮನೆಯ ಚದುರಂಗದಲ್ಲಿ ಮೊದಲ ನಡೆಗೆ ಎರಡು ಮನೆ ಮುಂದೆ ಹೋಗುವ ಹಕ್ಕು ಮಂತ್ರಿಯ ಕಾಲಾಳಿಗೆ ಮಾತ್ರ. ಕೊನೆಯ ಸಾಲು ಮುಟ್ಟಿದ ಕಾಲಾಳು ಯಾರ ಮನೆ ಸೇರಿತೋ ಅದೇ ಆಗಬೇಕು: ಆನೆ ಮನೆಯಲ್ಲಿ ಆನೆ, ಕುದುರೆ ಮನೆಯಲ್ಲಿ ಕುದುರೆ. ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ ಅಪ್ಪ ನನ್ನನ್ನು ಕೂರಿಸಿಕೊಂಡು ಇದನ್ನು ಕಲಿಸಿದರು. ಕಲಿಸಿದರು ಅಷ್ಟೇ, ಮಗಳೆಂದು ಒಂದು ಆಟವನ್ನೂ ಬಿಟ್ಟುಕೊಡಲಿಲ್ಲ. ನನ್ನ ತಲೆ ನರೆತರೂ ಅವರನ್ನು ಗೆಲ್ಲಲಾಗಿಲ್ಲ.

ಹಾಗಾಗಿ ದೊಡ್ಡಬಳ್ಳಾಪುರದ ಕಲ್ಯಾಣ ಮಂಟಪದಲ್ಲಿ ಚೆಸ್ ಪಂದ್ಯ ನಡೆದಾಗ, ಅವರ ಕಣ್ಣೆದುರೇ ಕಪ್ ಗೆಲ್ಲಬೇಕೆಂದು ಹಠ ಹಿಡಿದೆ. ಪಂದ್ಯದ ನಿಯಮಗಳನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ತಲೆ ಕಲಿತಿತ್ತು, ಕೈ ಕಲಿತಿರಲಿಲ್ಲ.

ಫೈನಲ್‌ನಲ್ಲಿ ಎದುರಿಗೆ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಯುವಕ. ಬಿಳಿ ಕಾಯಿ ನನ್ನದು. ಎಂದಿನಂತೆ ಮಂತ್ರಿಯ ಕಾಲಾಳನ್ನೇ ಎರಡು ಮನೆ ಮುಂದಿಟ್ಟೆ. ಆಟ ಚೆನ್ನಾಗಿಯೇ ಸಾಗಿತು. ಕೊನೆಗೆ ಅವನ ಬಳಿ ಒಂದು ಆನೆ, ಎರಡು ಕಾಲಾಳು ಉಳಿದಿದ್ದವು. ರಾಜನನ್ನು ಬಿಟ್ಟರೆ ನನಗುಳಿದಿದ್ದ ಒಂದೇ ಕಾಲಾಳು ಅವನ ಕುದುರೆ ಮನೆ ಸೇರಿಯೇಬಿಟ್ಟಿತು. ಮಂತ್ರಿಯನ್ನು ತಂದಿಟ್ಟಿದ್ದರೆ ಕಪ್ ನನ್ನದೇ. ಕೈ ಮಾತ್ರ ಸೀದಾ ಹೋಗಿ ಕುದುರೆಯನ್ನು ಎತ್ತಿ ಇಟ್ಟಿತು.

"ಸರ್ಯಾಗಿಟ್ಟೆ ಕಣಮ್ಮ!" ಹಿಂದಿನ ಸಾಲಿನಿಂದ ಅಪ್ಪ ಕೂಗಿದರು. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲಿ ಮಾತಾಡಿದವರಿಗೆ ಪಿಸುಮಾತು ಬರುವುದಿಲ್ಲ. ಇಡೀ ಮಂಟಪ ತಿರುಗಿ ನೋಡಿತು. ನನಗೆ ತಪ್ಪು ಹೊಳೆದದ್ದು ಆಗಲೇ. ಇಟ್ಟ ಕಾಯಿಯನ್ನು ಬದಲಿಸುವ ಹಾಗಿಲ್ಲ. ಸ್ವಲ್ಪ ಹೊತ್ತಿನಲ್ಲೇ ಸೋತೆ.

"ಅಕ್ಕಾ, ಯಾವ್ ಮನೆಗ್ ಹೋದ್ರೂ ಮಂತ್ರಿ ತಗೋಬೋದಿತ್ತಲ್ವಾ?" ಎಂದು ಯುವಕ ಮೆಲ್ಲಗೆ ಕೇಳಿದ.

"ಏನಂತೆ ಅವ್ನು?" ಎನ್ನುತ್ತಾ ಅಪ್ಪ ಹತ್ತಿರ ಬಂದರು. ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಹೇಳಿದೆ. ಅವರ ಮುಖ ಸಪ್ಪಗಾಯಿತು. "ನಾನ್ ಕಲ್ಸಿದ್ದೇ ನಿನ್ನ ಕೆಡಿಸ್ತಲ್ಲಮ್ಮ" ಎಂದರು. ಕಪ್ ಹೋದದ್ದಕ್ಕಿಂತ ಆ ಮಾತೇ ನನಗೆ ಹೆಚ್ಚು ನೋವು ಕೊಟ್ಟಿತು.

ಮನೆಗೆ ಬಂದವರೇ ಅಪ್ಪ ಚಾಪೆ ಹಾಸಿ, "ಕಾಯಿ ಜೋಡ್ಸು. ಅವ್ರ ಥರಾನೇ ಆಡಾಣ, ನಂಗೂ ಹೇಳ್ಕೊಡು" ಎಂದರು. ಅಪ್ಪನಿಗೆ ಏನನ್ನಾದರೂ ಕಲಿಸಿದ್ದು ನಾನು ಅದೇ ಮೊದಲು. ಚಿಕ್ಕಂದಿನಲ್ಲಿ ನಾನು ಕೇಳುತ್ತಿದ್ದಂತೆ, ಹೇಳಿದ್ದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡರು.

ನಾನು ತಂದಿಟ್ಟ ಕಾಫಿ ಆರುವಷ್ಟರಲ್ಲಿ ಅವರ ಒಂದು ಕಾಲಾಳು ನನ್ನ ಕುದುರೆ ಮನೆಗೆ ಬಂದು ನಿಂತಿತು. ಅಪ್ಪ ಒಮ್ಮೆ ನನ್ನ ಮುಖ ನೋಡಿದರು. ಮೀಸೆಯಲ್ಲೇ ನಗುತ್ತಾ ಮಂತ್ರಿಯನ್ನು ಎತ್ತಿ ಅಲ್ಲಿಟ್ಟು, ಪಕ್ಕದ ಮನೆಯವರೂ ಬಾಗಿಲಿಗೆ ಬರುವಂತೆ "ಚೆಕ್!" ಎಂದು ಕೂಗಿದರು.