ಒಂದು ಗಳ ಮುಂದೆ

ನಾನು ಚಿಕ್ಕವಳಿದ್ದಾಗ ನನ್ನ ಮಾತು ಹೊಳೆ ದಾಟುತ್ತಿರಲಿಲ್ಲ. ನಗಬೇಡಿ ಮಕ್ಕಳೇ, ನಿಜವಾಗಿಯೂ ದಾಟುತ್ತಿರಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವು ಕೊಡದ ಈ ಅಜ್ಜಿಯನ್ನು ಒಂದು ಕಾಲಕ್ಕೆ ಎಲ್ಲರೂ ‘ಮೂಕಿ’ ಎಂದು ಕರೆಯುತ್ತಿದ್ದರು ಎಂದರೆ ನಿಮ್ಮ ಅಪ್ಪನೇ ನಂಬುವುದಿಲ್ಲ.

ನಮ್ಮ ಮನೆ ಕೃಷ್ಣಾ ಹೊಳೆಯ ಒಂದು ದಂಡೆಗೆ, ಕಬ್ಬಿನ ಹೊಲದಲ್ಲೇ ಇತ್ತು. ಶಾಲೆ ಇದ್ದದ್ದು ಎದುರು ದಂಡೆಗೆ, ಅಂಕಲಿಯ ಕಡೆ. ಮನೆಯ ದಂಡೆಯಲ್ಲಿ ನಾನು ಎಮ್ಮೆಯ ಜೊತೆ ಹರಟುತ್ತಿದ್ದೆ, ಅಕ್ಕನ ಜೊತೆ ಜಗಳವಾಡುತ್ತಿದ್ದೆ. ‘ಈಕಿ ಬಾಯಿಗೆ ಯಾರರ ಬೀಗಾ ಹಾಕ್ರಿ’ ಎಂದು ಅಪ್ಪ ರೇಗುತ್ತಿದ್ದ. ಆದರೆ ಶಾಲೆಗೆಂದು ದೋಣಿ ಹತ್ತಿ ನಡುಹೊಳೆಗೆ ಬಂದರೆ ಸಾಕು, ಗಂಟಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಒಣ ರೊಟ್ಟಿಯ ತುಣುಕು ಸಿಕ್ಕಿಕೊಂಡ ಹಾಗೆ. ನುಂಗಲೂ ಬಾರದು, ಉಗುಳಲೂ ಬಾರದು. ಸಂಜೆ ಮರಳುವಾಗ ನಡುಹೊಳೆ ದಾಟಿದ ಮೇಲೆಯೇ ಅದು ಸಡಿಲಾಗುತ್ತಿತ್ತು. ಆಗಲೂ ಮೊದಲ ಮಾತು ಅಕ್ಕನ ಕಿವಿಯಲ್ಲಿ, ಪಿಸುದನಿಯಲ್ಲಿ.

ಎಲ್ಲರೂ ಅದನ್ನು ಹಟ ಎಂದರು. ನನ್ನ ನಾಲಿಗೆಗೆ ಬಜೆ ತಿಕ್ಕಿದರು. ಹಣೆಗೆ ದೇವರ ಭಂಡಾರದ ಅರಿಶಿನ ಬಳಿದರು. ಪೇಢೆ ತೋರಿಸಿ ‘ಕೇಳು, ಕೊಡ್ತೀನಿ’ ಎಂದರು. ಜೊತೆಯ ಹುಡುಗಿಯರು ನನ್ನ ದನಿ ಹೇಗಿದೆ ಎಂದು ನೋಡಲು ತೊಡೆ ಚಿವುಟಿದರು. ಕಣ್ಣೀರು ಬಂತೇ ಹೊರತು ದನಿ ಬರಲಿಲ್ಲ. ಮಾತನಾಡಲು ನನಗೆ ಮನಸ್ಸಿರಲಿಲ್ಲ ಎಂದುಕೊಂಡಿರಾ? ಮನಸ್ಸಿನಲ್ಲಿ ನಾನು ಎಲ್ಲರಿಗೂ ಉತ್ತರ ಕೊಡುತ್ತಲೇ ಇದ್ದೆ. ಆ ಉತ್ತರಗಳನ್ನು ಕೇಳುವವಳು ನಾನೊಬ್ಬಳೇ ಆಗಿದ್ದೆ, ಅಷ್ಟೇ.

ಶಾಲೆಯಲ್ಲಿ ನನಗೆ ಅಕ್ಕನೇ ಬಾಯಿ. ಗುರುಗಳು ನನ್ನ ಹೆಸರು ಕೂಗಿದಾಗ ಗೋಡೆಯಾಚೆಯ ಏಳನೇ ಇಯತ್ತೆಯ ತರಗತಿಯಿಂದ ಅವಳು ‘ಬಂದಾಳ್ರೀ’ ಎಂದು ಕೂಗುತ್ತಿದ್ದಳು. ನನಗೆ ನೀರಡಿಕೆಯಾದದ್ದು, ಬರೆಯುವ ಪಾಟಿ ಒಡೆದದ್ದು, ಹೊಟ್ಟೆ ನೋಯುತ್ತಿರುವುದು ಎಲ್ಲವನ್ನೂ ಹೇಳುವವಳು ಅವಳೇ. ಆದರೆ ಬರುವ ಜೂನ್ ತಿಂಗಳಿಗೆ ಅಕ್ಕ ನಿಪ್ಪಾಣಿಗೆ, ಅತ್ತೆಯ ಮನೆಗೆ ಓದಲು ಹೋಗುವುದು ಗೊತ್ತಾಗಿತ್ತು. ಆಮೇಲೆ ನನ್ನ ಗತಿ ಏನು ಎಂದು ನೆನೆದು ರಾತ್ರಿ ಅಕ್ಕನ ಕೈ ಹಿಡಿದೇ ಮಲಗುತ್ತಿದ್ದೆ.

ಇನ್ನು ದೋಣಿಯ ಕಾಕಾನ ಬಗ್ಗೆ ಹೇಳಬೇಕು. ಕಾಕಾನ ಗುಡಿಸಲು ನಮ್ಮ ಮನೆಯ ದಂಡೆಯಲ್ಲೇ, ಜಾಲಿ ಮರದ ಕೆಳಗಿತ್ತು. ಅವನ ಕಣ್ಣಿಗೆ ಪೊರೆ ಬಂದು ಎದುರು ದಂಡೆಯ ಜನ ಕಾಣುತ್ತಿರಲಿಲ್ಲ. ಕಂಡರೂ ಉಪಯೋಗವಿರಲಿಲ್ಲ, ಏಕೆಂದರೆ ಆ ದಂಡೆಯಲ್ಲಿ ಬಟ್ಟೆ ಒಗೆಯುವವರು, ದನಗಳ ಮೈ ತೊಳೆಯುವವರು ಸದಾ ಇರುತ್ತಿದ್ದರು. ಅವರಲ್ಲಿ ದಾಟುವವರು ಯಾರು ಎಂದು ಹೇಗೆ ತಿಳಿಯಬೇಕು? ಅದಕ್ಕೇ ದಾಟಬೇಕಾದವರು ಕೂಗಬೇಕು. ಕಾಕಾ ಹೊಳೆಗೆ ಬೆನ್ನು ಹಾಕಿ ಹಗ್ಗ ಹೊಸೆಯುತ್ತಾ ಕೂರುತ್ತಿದ್ದ. ಕೂಗು ಕೇಳಿದೊಡನೆ, ತಿರುಗಿ ನೋಡದೆಯೇ, ‘ಬಂದೇ... ಬಂದೇ...’ ಎಂದು ಉದ್ದಕ್ಕೆ ಉತ್ತರ ಕೊಡುತ್ತಿದ್ದ. ಯಾವ ಕೂಗು ಯಾರದೆಂದು ಅವನಿಗೆ ಗೊತ್ತಿತ್ತು. ಹಾಲಿನವನದು ಮೂಗಿನ ಕೂಗು, ಸೂಲಗಿತ್ತಿಯದು ಅವಸರದ ಕೂಗು. ಆ ಹೊಳೆಯ ಮೇಲೆ ಓಡಾಡುವ ಎಲ್ಲರಿಗೂ ಒಂದೊಂದು ‘ಬಂದೇ’ ಸಿಕ್ಕಿತ್ತು. ನನಗೆ ಮಾತ್ರ ಸಿಕ್ಕಿರಲಿಲ್ಲ.

ಆ ದಿನ ದೀಪಾವಳಿ ಕಳೆದು ಚಳಿ ಹಿಡಿದಿತ್ತು. ಅಕ್ಕನಿಗೆ ಮೈ ಕಾಯುವಷ್ಟು ಜ್ವರ. ಅಪ್ಪ ನನ್ನನ್ನು ಬೇರೆ ಮಕ್ಕಳ ಜೊತೆ ದೋಣಿ ಹತ್ತಿಸಿದ. ಶಾಲೆಯಲ್ಲಿ ಗುರುಗಳು ನನ್ನ ಹೆಸರು ಕೂಗಿದರು. ನಾನು ಎದ್ದು ನಿಂತು ಬಾಯಿ ತೆರೆದೆ. ಗೋಡೆಯಾಚೆಯಿಂದ ಯಾವ ದನಿಯೂ ಬರಲಿಲ್ಲ. ಗುರುಗಳು ಸ್ವಲ್ಪ ಹೊತ್ತು ಕಾದು, ‘ಹಾಜರ್ ಅನ್ನಾಕ ಬಾಯಿಲ್ಲಂದ್ರ ಬಂದೇ ಇಲ್ಲಂತ ಬರೀತೀನಿ’ ಎಂದು ಪುಸ್ತಕದಲ್ಲಿ ಬರೆದೇ ಬಿಟ್ಟರು. ಹಾಗಾಗಿ ಆ ದಿನವೆಲ್ಲ ನಾನು ಶಾಲೆಯಲ್ಲಿ ಕೂತಿದ್ದೆ, ಆದರೆ ಬಂದಿರಲಿಲ್ಲ. ಮಧ್ಯಾಹ್ನ ಎಲ್ಲರೂ ದುಂಡಗೆ ಕೂತು ಉಂಡರು. ನಾನು ಹುಣಸೆ ಮರದ ಹಿಂದೆ ರೊಟ್ಟಿ ಬಿಚ್ಚಿದೆ. ರೊಟ್ಟಿಗೆ ಹಚ್ಚಿದ್ದ ಶೇಂಗಾ ಹಿಂಡಿಯ ಖಾರಕ್ಕೆ ಬಿಕ್ಕಳಿಕೆ ಬಂತು. ನೀರು ಕೇಳಲು ಅಕ್ಕ ಇರಲಿಲ್ಲ. ಬಿಕ್ಕುತ್ತಲೇ ಊಟ ಮುಗಿಸಿದೆ.

ಸಂಜೆ ಎಲ್ಲರೂ ಹೊರಟಾಗ ಗುರುಗಳು ನನ್ನನ್ನು ನಿಲ್ಲಿಸಿಕೊಂಡರು. ‘ಒಂದ ಮಾತ ಆಡು, ಮನೀಗೆ ಹೋಗು. ಬರೇ ಒಂದ ಮಾತ’ ಎಂದರು. ಅವರು ಕೆಟ್ಟವರಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ, ಎದುರಿಗೆ ಕೂತು ಕಾದರು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿತು. ಕೊನೆಗೆ ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ‘ನೀನ ಗೆದ್ದಿ ಬಿಡವಾ, ಹೋಗು’ ಎಂದರು. ನಾನು ಏನೂ ಗೆದ್ದಿಲ್ಲ ಎಂದು ಅವರಿಗೆ ಹೇಳಬೇಕೆನ್ನಿಸಿತು. ಅದನ್ನು ಹೇಳಲಿಕ್ಕೂ ಬಾಯಿ ಬೇಕಲ್ಲ.

ದಂಡೆಗೆ ಓಡಿ ಬಂದೆ. ಮಕ್ಕಳ ದೋಣಿ ಹೋಗಿಯಾಗಿತ್ತು. ಎದುರು ದಂಡೆಯಲ್ಲಿ ಕಾಕಾನ ತಲೆಗೆ ಸುತ್ತಿದ ಬಿಳಿ ಪಟಗ ಕಾಣುತ್ತಿತ್ತು, ಅವನ ಬೆನ್ನು ಕಾಣುತ್ತಿತ್ತು. ಅವನ ಹಿಂದೆ ನಮ್ಮ ಕಬ್ಬು, ಅದರ ಹಿಂದೆ ನಮ್ಮ ಒಲೆಯ ಹೊಗೆ. ಮನೆ ಅಷ್ಟು ಹತ್ತಿರ ಇತ್ತು. ಒಂದೇ ಒಂದು ಕೂಗು ಸಾಕಿತ್ತು.

ಬಾಯಿ ತೆರೆದೆ. ಉಸಿರು ಹೋಯಿತು, ದನಿ ಬರಲಿಲ್ಲ. ಪಾಟಿಚೀಲ ಎತ್ತಿ ಬೀಸಿದೆ. ನೀರಿಗೆ ಕಲ್ಲು ಎಸೆದೆ. ಬೆನ್ನು ತಿರುಗಿಸಿದವನಿಗೆ, ಅದೂ ಪೊರೆ ಬಂದ ಕಣ್ಣಿನವನಿಗೆ, ಏನು ಕಂಡೀತು? ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಗಂಟು ಹೊತ್ತು ಹೊರಟವಳು ನಿಂತು, ‘ಕುಣಾಚಿ ಗ ತೂ?’ ಎಂದು ಮರಾಠಿಯಲ್ಲಿ, ನೀನು ಯಾರ ಮಗಳು ಎಂದು ಕೇಳಿದಳು. ಅವಳ ಸೀರೆಯ ನೀರು ನನ್ನ ಕಾಲ ಮೇಲೆ ತೊಟ್ಟಿಕ್ಕಿತು. ನಾನು ಅವಳ ಮುಖ ನೋಡಿದೆ. ದಾಟಬೇಕು, ನನಗಾಗಿ ಒಂದು ಸಲ ಕೂಗು ತಾಯಿ, ಎಂದು ಕಣ್ಣಿನಲ್ಲೇ ಹೇಳಿದೆ. ಕಣ್ಣಿನ ಮಾತು ಅವಳಿಗೆ ತಿಳಿಯಲಿಲ್ಲ. ಉತ್ತರ ಬಾರದ್ದು ಕಂಡು ಅವಳೂ ಹೋದಳು. ಎಮ್ಮೆಗಳೂ ಹೋದವು. ಕೊಕ್ಕರೆಗಳು ಸಾಲಾಗಿ ಹಾರಿ ಹೋದವು. ದಂಡೆಯಲ್ಲಿ ನಾನೊಬ್ಬಳೇ ಉಳಿದೆ. ಕೆಸರಿನ ವಾಸನೆಯ ತಣ್ಣನೆ ಗಾಳಿ ಬೀಸತೊಡಗಿತು. ಮಕ್ಕಳೇ, ಆಮೇಲೆ ಬಾಳಿನಲ್ಲಿ ಬೇಕಾದಷ್ಟು ದುಃಖ ಕಂಡಿದ್ದೇನೆ, ಆದರೆ ಅಷ್ಟು ಒಂಟಿಯಾಗಿ ಮತ್ತೆಂದೂ ನಿಂತಿಲ್ಲ.

ಮಬ್ಬುಗತ್ತಲಾಗುವ ಹೊತ್ತಿಗೆ ಎದುರು ದಂಡೆಯಲ್ಲಿ ಒಂದು ಕಂದೀಲು ಕಾಣಿಸಿತು. ಕಾಕಾ ಗಡಬಡಿಸಿ ಎದ್ದದ್ದೂ ಕಂಡಿತು. ದೋಣಿ ಬಂತು. ಅಪ್ಪ ಮೊಣಕಾಲುದ್ದದ ನೀರಿಗೆ ಧುಮುಕಿ ನನ್ನನ್ನು ಎತ್ತಿ ಒಳಗೆ ಕೂರಿಸಿದ. ನಾನು ತಲೆ ಎತ್ತಲಿಲ್ಲ. ಕಾಕಾ ನನ್ನ ಬೆನ್ನ ಹಿಂದೆ ನಿಂತು ಗಳ ಒತ್ತತೊಡಗಿದ. ಗಳ ಎಂದರೆ ಉದ್ದನೆಯ ಬಿದಿರು. ಅದನ್ನು ಹೊಳೆಯ ತಳಕ್ಕೆ ಊರಿ ಒತ್ತಿದರೆ ದೋಣಿ ಒಂದಷ್ಟು ಮುಂದೆ ಸರಿಯುತ್ತಿತ್ತು. ಆ ಒಂದು ಒತ್ತಿಗೆ ಒಂದು ಗಳ ಎನ್ನುತ್ತಿದ್ದರು.

ನಡುಹೊಳೆ ದಾಟಿದ್ದೇ ತಡ, ನನ್ನ ಬಾಯಿ ಒಡೆಯಿತು. ‘ಅಪ್ಪಾ, ಅಕ್ಕನ ಜ್ವರಾ ಇಳೀತೇನ? ನನಗ ಹಸಿವಾಗೈತಿ. ನಾ ಸಾಲ್ಯಾಗ ಇದ್ನಿ ಅಪ್ಪಾ, ಇಲ್ಲಂತ ಬರದಾರ. ನಾ ಕೂಗಾಕ ನೋಡಿದ್ನಿ, ಬರಲಿಲ್ಲ.’ ಅಳು, ಮಾತು, ಬಿಕ್ಕಳಿಕೆ ಎಲ್ಲವೂ ಒಟ್ಟಿಗೆ.

ಹಿಂದೆ ಗಳ ನಿಂತುಹೋಯಿತು. ದೋಣಿ ಸುಮ್ಮನೆ ತೇಲಿತು.

‘ತಮ್ಮಾ, ಇದ ಯಾರ ಧ್ವನಿ?’ ಎಂದು ಕಾಕಾ ಅಪ್ಪನನ್ನು ಕೇಳಿದ.

‘ನನ್ನ ಸಣ್ಣ ಮಗಳದ ರಿ ಕಾಕಾ. ನಡುಹೊಳಿ ದಾಟಿದ್ರ ಅಷ್ಟ ಬಾಯಿ ತೆರೀತಾಳ. ಆ ಕಡೆ ಏನ ಮಾಡಿದ್ರೂ ಇಲ್ಲ.’

ಕಾಕಾ ಗಳವನ್ನು ದೋಣಿಯೊಳಗೆ ಇಟ್ಟ. ಆಮೇಲೆ, ‘ಕೂಗಾಕ ಬರಲಾರದ ಕೂಸು ಆ ದಂಡ್ಯಾಗ ನಿಂತಿತ್ತು, ನಾ ಇಲ್ಲಿ ಬೆನ್ನ ಕೊಟ್ಟ ಕುಂತಿದ್ನಿ’ ಎಂದ. ದಂಡೆಗೆ ಇಳಿಯುವಾಗ ಅಪ್ಪನಿಗೆ ಹೇಳಿದ, ‘ನಾಳೆಯಿಂದ ಎಲ್ಲಾರಗಿಂತ ಮದಲ ಕಳಸು. ಆಕಿ ಮಾತು ಒಂದ ಗಳ ಮುಂದ ಹೋಗತೈತೇನ ನೋಡೂಣು.’

ಮರುದಿನದಿಂದ ಬೇರೆ ಮಕ್ಕಳು ಬರುವ ಮೊದಲೇ ಕಾಕಾ ನನ್ನೊಬ್ಬಳನ್ನೇ ದಾಟಿಸತೊಡಗಿದ. ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಗಳ ಒತ್ತುತ್ತಾ ತನ್ನಷ್ಟಕ್ಕೆ ತಪ್ಪು ತಪ್ಪು ಹೇಳುತ್ತಿದ್ದ. ‘ಇವರ ಮನಿ ಎಮ್ಮಿಗೆ ಕೋಡ ಇಲ್ಲಂತ. ಪಾಪ, ಬೋಳ ಎಮ್ಮಿ.’ ನನಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ. ‘ಅದಾವು! ಎರಡ ಅದಾವು!’ ಎನ್ನುತ್ತಿದ್ದೆ. ‘ಹೌದೇನು? ನಾ ಅದು ಕುರಿ ಅಂತ ತಿಳದಿದ್ನಿ.’ ಹೀಗೆ ಜಗಳವಾಡುತ್ತಾ ನಡುಹೊಳೆ ಬರುತ್ತಿತ್ತು. ಮೊದಲ ದಿನ ನಡುಹೊಳೆಯಿಂದ ಒಂದು ಗಳ ಮುಂದೆ ಹೋಗುವವರೆಗೂ ನನ್ನ ಮಾತು ಉಳಿಯಿತು. ಮರುದಿನ ಎರಡು ಗಳ. ಮಾತು ನಿಂತ ಜಾಗದಲ್ಲಿ ಅವನೂ ಮಾತು ನಿಲ್ಲಿಸುತ್ತಿದ್ದ. ಶಾಬಾಸ್ ಅನ್ನಲಿಲ್ಲ, ಅಯ್ಯೋ ಅನ್ನಲಿಲ್ಲ.

ಸಲೀಸಾಗಿ ಆಗಲಿಲ್ಲ ಅದು. ಒಂದು ದಿನ ಅವಸರದಲ್ಲಿ ನಮ್ಮ ಜೊತೆಗೇ ದೋಣಿ ಹತ್ತಿದ್ದ ಬಟ್ಟೆ ಮಾರುವವನೊಬ್ಬ, ‘ಅರೇ, ಮೂಕಿ ಮಾತಾಡಾಕತ್ತಾಳಲ್ಲೋ!’ ಎಂದು ಚಪ್ಪಾಳೆ ತಟ್ಟಿಬಿಟ್ಟ. ನಾನು ಎಂಟು ದಿನ ದೋಣಿಯಲ್ಲಿ ತುಟಿ ಬಿಚ್ಚಲಿಲ್ಲ. ಕಾಕಾ ಬೇಸರ ಮಾಡಿಕೊಳ್ಳದೆ ನಮ್ಮ ದಂಡೆಯಿಂದಲೇ, ಬೋಳು ಎಮ್ಮೆಯಿಂದಲೇ ಮತ್ತೆ ಶುರು ಮಾಡಿದ. ಅಕ್ಕನಿಗೂ ಹೇಳಿದ, ‘ತಂಗಿ, ಇನ್ನ ನೀ ಆಕಿ ಬಾಯಿ ಆಗಬ್ಯಾಡ.’ ತಾನು ಇಷ್ಟು ದಿನ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದ ಅಕ್ಕ ಅವತ್ತು ದೋಣಿಯಲ್ಲಿ ಕೂತು ಅತ್ತಳು.

ಕಬ್ಬು ಕಡಿದು ಮುಗಿದು ಬಿಸಿಲು ಏರಿದ ಮೇಲೆ, ಒಂದು ಸಂಜೆ ನಾನು ಎಲ್ಲರಿಗಿಂತ ಮುಂದೆ ಓಡಿ ಶಾಲೆಯ ದಂಡೆಗೆ ಬಂದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡೆ. ಎದುರಿಗೆ ಕಾಕಾನ ಬೆನ್ನು. ‘ಓ... ಕಾಕಾ...’ ಎಂದೆ. ದನಿ ಒಡೆದು ಎರಡಾಗಿತ್ತು. ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು. ಅವನು ತಿರುಗಲಿಲ್ಲ. ಮತ್ತೊಮ್ಮೆ ಕೂಗಿದೆ. ಆಗ ನೀರಿನ ಮೇಲಿಂದ ಬಂತು, ‘ಬಂದೇ... ಬಂದೇ...’ ಅದು ನನ್ನದು. ನನ್ನೊಬ್ಬಳದೇ. ಶಾಲೆಯಲ್ಲಿ ‘ಹಾಜರ್’ ಎನ್ನಲು ಮುಂದೆ ಇನ್ನೂ ಒಂದು ವರ್ಷ ಬೇಕಾಯಿತು. ಆದರೆ ಜೂನ್‌ನಲ್ಲಿ ಅಕ್ಕ ನಿಪ್ಪಾಣಿಗೆ ಹೋದಾಗ ಮನೆಗೆ ಮರಳುವ ದಾರಿ ನನ್ನ ಬಾಯಲ್ಲೇ ಇತ್ತು.

ಈಗ ಆ ಹೊಳೆಗೆ ಸೇತುವೆ ಇದೆ. ನೀವು ಕಾರಿನ ಗಾಜು ಏರಿಸಿಕೊಂಡು, ಒಂದು ಆಕಳಿಕೆ ಮುಗಿಯುವುದರೊಳಗೆ ದಾಟುತ್ತೀರಿ. ಯಾರನ್ನೂ ಕೂಗಬೇಕಾಗಿಲ್ಲ. ನಮ್ಮ ಕಾಲದಲ್ಲಿ ಬಾಯಿ ಬಿಡದ ಹುಡುಗಿ ಬಂದೇ ಇಲ್ಲ ಎಂದು ಬರೆಯುತ್ತಿದ್ದರು. ನಿಮ್ಮ ಶಾಲೆಯ ಬಾಗಿಲಲ್ಲಿ ಕೊರಳಿನ ಕಾರ್ಡು ಒಂದು ಸಲ ಕುಂಯ್ ಎಂದರೆ ಸಾಕು, ದಿನವಿಡೀ ತುಟಿ ಬಿಚ್ಚದಿದ್ದರೂ ಹಾಜರಿ ಸಿಗುತ್ತದೆ. ಹಾಗಾಗಿಯೇ ನಿಮ್ಮೆಲ್ಲರಿಗಿಂತ ಸಣ್ಣವಳು, ಮನೆಯಲ್ಲಿ ನನಗೇ ಎದುರು ಮಾತನಾಡುವ ನಮ್ಮ ಸಣ್ಣ ಮೊಮ್ಮಗಳು, ಚಿಕ್ಕೋಡಿಯ ಶಾಲೆಯಲ್ಲಿ ಒಂದು ವರ್ಷದಿಂದ ಒಂದು ಮಾತೂ ಆಡಿಲ್ಲ ಎಂಬುದು ನಮಗೆ ತಡವಾಗಿ ಗೊತ್ತಾಯಿತು. ಅದು ಹಟವಲ್ಲ, ಅಂಜಿಕೆ, ಒತ್ತಾಯ ಮಾಡಬೇಡಿ ಎಂದು ಡಾಕ್ಟರು ಹೇಳಿದರು. ನಾನು ಮನಸ್ಸಿನಲ್ಲೇ ಕಾಕಾನಿಗೆ ಕೈ ಮುಗಿದೆ.

ಅವಳ ಟೀಚರ್ ಒಳ್ಳೆಯವರು. ಅರ್ಧ ಗಂಟೆ ಮೊದಲೇ ಬರಲು ನಮಗೆ ಒಪ್ಪಿಗೆ ಕೊಟ್ಟಿದ್ದಾರೆ. ಖಾಲಿ ಶಾಲೆಯಲ್ಲಿ ನಾನು ತಪ್ಪು ತಪ್ಪು ಹೇಳುತ್ತಾ ನಡೆಯುತ್ತೇನೆ, ಅವಳು ಜಗಳಕ್ಕೆ ಬರುತ್ತಾಳೆ. ಮೊದಲ ವಾರ ಗೇಟಿನವರೆಗೆ, ಆಮೇಲೆ ಬೇವಿನ ಮರದವರೆಗೆ, ಆಮೇಲೆ ನಲ್ಲಿಯವರೆಗೆ. ಈಗ ತರಗತಿಯ ಮೂರನೇ ಮೆಟ್ಟಿಲಿಗೆ ಬಂದಿದ್ದೇವೆ.

ನಿನ್ನೆ ಸಂಜೆ ಅವಳನ್ನು ಕರೆತರಲು ಹೋಗಿದ್ದೆ. ಬೇರೆಯವರೆಲ್ಲ ಗೇಟಿನ ಕಡೆ ಮುಖ ಮಾಡಿ ನಿಂತಿದ್ದರು. ನಾನು ಮಾತ್ರ ಬೇಕೆಂದೇ ಶಾಲೆಗೆ ಬೆನ್ನು ಹಾಕಿ ಕಟ್ಟೆಯ ಮೇಲೆ ಕೂತೆ. ಮಕ್ಕಳು ಹರಿದು ಬಂದರು, ಬಸ್ಸುಗಳು ಹೊರಟವು, ಗದ್ದಲ ಕರಗಿತು. ನನ್ನ ಹಿಂದೆ ಎರಡು ಸಣ್ಣ ಚಪ್ಪಲಿಗಳು ಬಂದು ನಿಂತ ಸದ್ದು ಕೇಳಿತು. ತಿರುಗಬೇಕು, ಎತ್ತಿಕೊಳ್ಳಬೇಕು ಎಂದು ಜೀವ ಚಡಪಡಿಸಿತು. ತಿರುಗಲಿಲ್ಲ. ಬೆನ್ನು ಕೊಟ್ಟು ಕೂರುವುದು ಎಷ್ಟು ಕಷ್ಟ ಎಂದು ನನಗೆ ನಿನ್ನೆ ತಿಳಿಯಿತು. ಬಹಳ ಹೊತ್ತಾದ ಮೇಲೆ, ಇನ್ನೂ ನಾಲ್ಕು ಜನ ನಿಂತಿದ್ದ ಆ ಗೇಟಿನಲ್ಲಿ, ಒಡೆದ ಒಂದು ಸಣ್ಣ ದನಿ ಕೇಳಿಸಿತು.

‘ಅಜ್ಜೀ...’

ನಾನು ತಿರುಗಿ ನೋಡದೆಯೇ ಹೇಳಿದೆ, ‘ಬಂದೇ... ಬಂದೇ...’